ನಾಲ್ಕನೇ ಸೀಟಿನ ವೇದಾಂತ

ಮುಂಬಯಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಸಂಪಾದಕರು ನಿನ್ನೆ ಮತ್ತೆ ಫೋನು ಮಾಡಿದ್ದರು. ನನ್ನ ಭಾಷಣವನ್ನು ಲೇಖನವಾಗಿ ಬರೆದುಕೊಡಬೇಕಂತೆ. "ಆ ನಾಲ್ಕನೇ ಸೀಟಿನ ವಿಷಯ ಮಾತ್ರ ಬಿಡಬೇಡಿ ಮಾರಾಯ್ರೆ, ಜನ ಇನ್ನೂ ಅದನ್ನೇ ಹೇಳ್ತಿದ್ದಾರೆ" ಎಂದರು. ಆಯಿತು ಎಂದು ಫೋನಿಟ್ಟೆ. ಆಯಿತು ಎಂದದ್ದು ಸುಳ್ಳು. ಆ ಭಾಷಣದ ಒಂದು ಸಾಲು ಬರೆಯಲೂ ನನಗೆ ಈಗ ಕೈ ಬರುವುದಿಲ್ಲ. ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಸಂಜೆಯ ಲೋಕಲ್ ರೈಲಿನಲ್ಲಿ ಜನರ ಮಧ್ಯೆ ಸಿಕ್ಕಿಕೊಂಡು ನಿಂತಿರುವಾಗ ನೆನಪಾಗಿಬಿಟ್ಟರೆ, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ "ಛೆ" ಎಂದುಬಿಡುತ್ತೇನೆ. ಅವರು ತಮ್ಮ ಚೀಲ ತಾಗಿತೇನೋ ಎಂದು ಸರಿಸಿಕೊಳ್ಳುತ್ತಾರೆ. ಹಾಗಾಗಿ ಆ ಲೇಖನದ ಬದಲು ಇದನ್ನು ಬರೆಯುತ್ತಿದ್ದೇನೆ. ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂಬ ಧೈರ್ಯವಿದೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಉಡುಪಿ ಕಡೆಯಿಂದ ಬಂದು ಗ್ರಾಂಟ್ ರೋಡಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದವರ ಮಗ. ಪರೇಲಿನಲ್ಲಿ, ಮೊದಲು ಬಟ್ಟೆಗಿರಣಿಯಿದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡವೊಂದರಲ್ಲಿ ನನ್ನ ಆಫೀಸು. ಮನೆ ಬೊರಿವಲಿಯಲ್ಲಿ. ಓದಿದ್ದು ಕಾಮರ್ಸ್, ಹುಚ್ಚು ವೇದಾಂತದ್ದು. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನನಗೆ ಕಂಡದ್ದರಲ್ಲೆಲ್ಲ ತತ್ವ ಹುಡುಕುವ ಚಟ. ಉದ್ದಿನ ವಡೆಯ ತೂತಿನಲ್ಲಿ ಶೂನ್ಯವನ್ನು ತೋರಿಸಿ, ತೂತಿಲ್ಲದಿದ್ದರೆ ವಡೆ ಒಳಗೆ ಬೇಯುವುದಿಲ್ಲವೆಂದು ಹೇಳಿ, ಸಂಘದ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸಿದವನು ನಾನು. ಜನ ಗಾಳಿ ಹಾಕಿದರು, ನಾನು ಉಬ್ಬಿದೆ. ಹೆಂಡತಿ ಮಾತ್ರ ಅಂದೇ ಹೇಳಿದ್ದಳು: "ವಡೆ ತಿನ್ನೋಕೆ ಬಿಡಿ ಜನರನ್ನ."

ನನಗೆ ಒಬ್ಬಳೇ ಮಗಳು. ಚರ್ಚ್‌ಗೇಟ್ ಕಡೆಯ ಕಾಲೇಜಿನಲ್ಲಿ ಎರಡನೇ ವರ್ಷ. ಮನೆಯಲ್ಲಿ ನಾವು ನಾಲ್ವರು: ನಾನು, ಹೆಂಡತಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿರುವ ನನ್ನ ತಾಯಿ, ಮತ್ತು ಇವಳು. ಕೋಣೆ ಇರುವುದು ಒಂದು, ಅದು ತಾಯಿಗೆ. ರಾತ್ರಿ ಎಬ್ಬಿಸಿ ಕೂರಿಸಲು ಬೇಕೆಂದು ಹೆಂಡತಿಯೂ ಅಲ್ಲೇ ಮಲಗುತ್ತಾಳೆ. ಹಾಲ್‌ನ ದಿವಾನ ನನ್ನದು. ಟಿವಿಯ ಸ್ಟ್ಯಾಂಡಿಗೂ ನನ್ನ ಪುಸ್ತಕದ ಕಪಾಟಿಗೂ ನಡುವೆ ಒಂದು ಗಾದಿ ಹಿಡಿಸುತ್ತದೆ, ಅದು ಮಗಳದು. ಬೆಳಿಗ್ಗೆ ಅದನ್ನು ಸುತ್ತಿಡದೆ ಯಾರೂ ಬಾಗಿಲ ತನಕ ಹೋಗುವ ಹಾಗಿಲ್ಲ. ಮುಂಬಯಿಯಲ್ಲಿ ಇದೇನು ದೊಡ್ಡ ವಿಷಯವಲ್ಲ. ನಮ್ಮ ಬಿಲ್ಡಿಂಗ್‌ನ ಅರ್ಧ ಮನೆಗಳು ಹೀಗೇ ಮಲಗಿ ಹೀಗೇ ಏಳುತ್ತವೆ.

ಕಳೆದ ದೀಪಾವಳಿಯ ನಂತರ ಅವಳು ಮಾತು ಕಡಿಮೆ ಮಾಡಿದ್ದಳು. ಕೇಳಿದ್ದಕ್ಕೆ "ಹಾಂ", "ಠೀಕ್ ಹೈ", "ಕುಛ್ ನಹೀ". ಕಿವಿಯಲ್ಲಿ ಸದಾ ಇಯರ್‌ಫೋನು. ಊಟದ ತಟ್ಟೆಯ ಮುಂದೆಯೂ ಒಂದು ಕಿವಿಯಲ್ಲಿ ಅದು ಇರುತ್ತಿತ್ತು. ವಯಸ್ಸು, ಸರಿಹೋಗುತ್ತದೆ ಎಂದು ಹೆಂಡತಿಗೆ ಹೇಳಿದೆ. ಆದರೆ ಒಳಗೊಳಗೆ ನನಗೆ ನೋವಿತ್ತು. ಚಿಕ್ಕವಳಿದ್ದಾಗ ನನ್ನ ಹೆಗಲೇರಿ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದವಳು ಈಗ ನನ್ನನ್ನು ಯಾವ ಪ್ರಶ್ನೆಗೂ ಲಾಯಕ್ಕಿಲ್ಲದವನೆಂದು ಬಿಟ್ಟುಬಿಟ್ಟಿದ್ದಾಳೆ ಅನ್ನಿಸುತ್ತಿತ್ತು. ಅವಳು ಒಂದು ಸಲ ಬಂದು ಏನಾದರೂ ಕೇಳಲಿ ಎಂದು ಕಾಯುತ್ತಿದ್ದೆ. ನಾನಾಗಿ ಕೇಳಬಹುದಿತ್ತು, ಅದು ಹೊಳೆಯಲಿಲ್ಲ.

ಹಾಗಿರುವಾಗ ಒಂದು ದಿನ ಆಫೀಸಿನಲ್ಲಿ ಫೋನು ಟಿಣ್ ಎಂದಿತು. ಮಗಳು ಒಂದು ಹಾಡಿನ ಲಿಂಕ್ ಕಳಿಸಿದ್ದಳು. ಕೆಳಗೆ ಒಂದೇ ಸಾಲು: "ಸುನೋ ನಾ ಪಪ್ಪಾ. ಠೀಕ್ ಸೇ." ಸರಿಯಾಗಿ ಕೇಳಿ ಅಂದಿದ್ದಳು. ಎಷ್ಟೋ ತಿಂಗಳ ಮೇಲೆ ಅವಳಾಗಿ ನನಗೆ ಕಳಿಸಿದ್ದು ಅದೊಂದೇ. ಹೊಟ್ಟೆಗೆ ತಂಪು ಹೊಯ್ದ ಹಾಗಾಯಿತು. ಮಾರನೆಯ ದಿನ ಇಯರ್‌ಫೋನು ಕೊಂಡುಕೊಂಡೆ.

ಹಾಡು ಒಬ್ಬ ರಾಕ್ ಗಾಯಕನದು. ಇಲ್ಲೇ ಮುಂಬಯಿಯ ಹುಡುಗ. ಮುಖದ ಮೇಲೆ ಕೂದಲು, ಕೊರಳಿಗೆ ಗಿಟಾರು. ನಮ್ಮ ಪರೇಲಿನ ಹಳೆಯ ಗಿರಣಿಗಳ ಅಂಗಳಗಳಲ್ಲೇ ಹಾಡುತ್ತಾನೆ, ಟಿಕೆಟ್ ಸಿಗುವುದಿಲ್ಲವಂತೆ. ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತು ಹಚ್ಚಿದೆ. ಮೊದಲು ತಲೆಯ ಮೇಲೆ ಪಾತ್ರೆ ಸುರಿದ ಹಾಗಿತ್ತು. ಕಾಂದಿವಲಿ, ಮಲಾಡ್ ದಾಟುವ ತನಕ ಬರೀ ಡ್ರಮ್ಮು. ಆಮೇಲೆ ಗದ್ದಲದ ಒಳಗಿಂದ ಮಾತುಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. "ಚೌಥೀ ಸೀಟ್ ಪೆ ಹೂಂ ಮೈ, ಆಧಾ ಅಂದರ್ ಆಧಾ ಬಾಹರ್. ನಾ ಖಡಾ ಹೂಂ, ನಾ ಬೈಠಾ ಹೂಂ." ನಾಲ್ಕನೇ ಸೀಟಿನಲ್ಲಿದ್ದೇನೆ, ಅರ್ಧ ಒಳಗೆ ಅರ್ಧ ಹೊರಗೆ, ನಿಂತವನೂ ಅಲ್ಲ ಕೂತವನೂ ಅಲ್ಲ. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ಅವನೊಬ್ಬನೇ ಗಂಟಲು ಹರಿಯುವಂತೆ ಕೂಗುತ್ತಾನೆ: "ಥೋಡಾ ಸರ್ಕೋ ನಾ, ಮೈ ಭೀ ಹೂಂ." ಸ್ವಲ್ಪ ಸರಿಯಿರಿ, ನಾನೂ ಇದ್ದೇನೆ.

ಮುಂಬಯಿಯ ಹೊರಗಿನವರಿಗೆ ನಾಲ್ಕನೇ ಸೀಟು ಎಂದರೆ ಏನೆಂದು ಹೇಳಬೇಕು. ಲೋಕಲ್‌ನ ಒಂದು ಬೆಂಚಿನಲ್ಲಿ ಮೂವರಿಗೆ ಜಾಗ. ಆದರೆ ಇಲ್ಲಿನ ವಾಡಿಕೆಯಲ್ಲಿ ನಾಲ್ಕನೆಯವನಿಗೂ ಹಕ್ಕಿದೆ. ಅವನು ಬಂದು ಬೆರಳಾಡಿಸಿದರೆ ಮೂವರೂ ಗೊಣಗುತ್ತ ಒಂದಿಷ್ಟು ಸರಿಯಬೇಕು. ಅವನಿಗೆ ಸಿಗುವುದು ಒಂದು ಕುಂಡೆಗೆ ಆಧಾರ. ಇನ್ನೊಂದು ಗಾಳಿಯಲ್ಲಿ, ಕಾಲು ದಾರಿಯಲ್ಲಿ, ಹೋಗುವವರ ಬರುವವರ ಚೀಲವೆಲ್ಲ ಮೊಣಕಾಲಿಗೆ. ಬೀಳದಂತೆ ಇಡೀ ದಾರಿ ತೊಡೆ ಬಿಗಿಹಿಡಿದಿರಬೇಕಂತೆ. "ಅಂತೆ" ಎನ್ನುವುದೇಕೆಂದರೆ ನಾನು ಅಲ್ಲಿ ಕೂತವನಲ್ಲ. ಬೊರಿವಲಿಯಿಂದಲೇ ಹೊರಡುವ ಗಾಡಿ ಹಿಡಿಯುವವನಿಗೆ ಕಿಟಕಿಯೇ ಸಿಗುತ್ತದೆ. ಗೊಣಗುತ್ತ ಸರಿಯುವ ಮೂವರಲ್ಲಿ ಒಬ್ಬ ನಾನು.

ಆದರೆ ನನಗೆ ಆ ಹಾಡು ಕೇಳಿ ಮೈ ಜುಂ ಎಂದದ್ದು ಬೇರೆ ಕಾರಣಕ್ಕೆ. ನಮ್ಮ ವೇದಾಂತದಲ್ಲಿ ಮನುಷ್ಯನಿಗೆ ಮೂರು ಅವಸ್ಥೆಗಳು: ಎಚ್ಚರ, ಕನಸು, ಗಾಢನಿದ್ರೆ. ಈ ಮೂರನ್ನೂ ಮೀರಿ, ಮೂರನ್ನೂ ನೋಡುತ್ತ ಇರುವ ಇನ್ನೊಂದುಂಟು. ಆ ಸಾಕ್ಷಿಗೆ ತುರೀಯ ಎನ್ನುತ್ತಾರೆ. ತುರೀಯ ಎಂದರೆ ಬೇರೇನೂ ಅಲ್ಲ, ನಾಲ್ಕನೆಯದು ಎಂದೇ ಅರ್ಥ. ಅದು ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ; ಹೀಗೂ ಅಲ್ಲ, ಹಾಗೂ ಅಲ್ಲ ಎಂದೇ ಅದನ್ನು ಹೇಳಬೇಕು. ನೋಡಿ, ಮೂರು ಸೀಟು, ಮೂರು ಅವಸ್ಥೆ! ಅರ್ಧ ಒಳಗೆ, ಅರ್ಧ ಹೊರಗೆ! ಕೂತದ್ದೂ ಅಲ್ಲ, ನಿಂತದ್ದೂ ಅಲ್ಲ! "ನಾನೂ ಇದ್ದೇನೆ" ಎಂಬ ಆ ಕೊನೆಯ ಕೂಗು, ಹೆಸರಿಲ್ಲದ ರೂಪವಿಲ್ಲದ ಬರೀ ಇರವಿನ ಕೂಗು! ಇಳಿಯಬೇಕಾದ ಪ್ರಭಾದೇವಿ ಸ್ಟೇಷನ್ ದಾಟಿ ಹೋದದ್ದೇ ತಿಳಿಯಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬಂದೆ, ಆಫೀಸಿಗೆ ತಡವಾಯಿತು, ಸಂತೋಷಕ್ಕೆ ಪಾರವಿರಲಿಲ್ಲ.

ಇದರಲ್ಲಿ ಹುರುಳಿಲ್ಲ ಎಂದು ಈಗಲೂ ನಾನು ಹೇಳಲಾರೆ. ಆ ಹುಡುಗನ ಹಾಡುಗಳಲ್ಲಿ ವಿಚಾರವಿದೆ. ಪರೇಲಿನ ಚಿಮಣಿಯ ಮೇಲೆ ಅವನದೊಂದು ಹಾಡಿದೆ. ಹೊಗೆ ಹೋಗಿ ಎಷ್ಟೋ ವರ್ಷವಾದರೂ ಚಿಮಣಿ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ, ಯಾರನ್ನು ಕಾಯುತ್ತಿದೆ ಎಂದು ಕೇಳುತ್ತಾನೆ. ಊಟದ ಹೊತ್ತಿನಲ್ಲಿ ಆಫೀಸಿನ ಕಿಟಕಿಯಿಂದ ಅಂಥದೇ ಒಂದು ಚಿಮಣಿ ನೋಡುತ್ತ ಅದನ್ನು ಕೇಳಿದರೆ ತುತ್ತು ಕೈಯಲ್ಲೇ ಉಳಿಯುತ್ತದೆ. ದೇಹ ಯಾವುದು, ಅದರ ಒಳಗಿದ್ದದ್ದು ಯಾವುದು ಎಂದು ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳು ಹೇಳದ ಹಾಗೆ ಅವನು ಹೇಳಿದ್ದಾನೆ. ಅದೆಲ್ಲ ನಿಜ. ಆದರೆ ಹಾಡು ಅವನದಾಗಿದ್ದರೂ ಅದನ್ನು ನನಗೆ ಕಳಿಸಿದವಳು ನನ್ನ ಮಗಳು. ಕಳಿಸಿದವಳು ಯಾಕೆ ಕಳಿಸಿದಳು ಎಂಬುದು ನನ್ನ ಅಷ್ಟು ದೊಡ್ಡ ತಲೆಗೆ ಬರಲೇ ಇಲ್ಲ.

ಅಂದೇ ಅವಳಿಗೊಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದೆ. ತುರೀಯವನ್ನು ಆದಿಯಿಂದ ವಿವರಿಸಿದೆ. ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಚಿತ್ರವೊಂದು ಬಂತು. ಮೆಚ್ಚಿದಳು ಎಂದುಕೊಂಡೆ. ಸಂಜೆ ಊಟಕ್ಕೆ ಕೂತಾಗ ಅವಳು ಕಿವಿಯಿಂದ ಇಯರ್‌ಫೋನು ತೆಗೆದಿಟ್ಟಳು. "ಪಪ್ಪಾ, ಗಾನೇ ಮೇ ವೋ ಜೋ ಬಂದಾ ಹೈ ನಾ... ಆ ಹಾಡಲ್ಲಿರೋನು, ಅವ್ನಿಗೆ ಹೇಗೆ ಫೀಲ್ ಆಗ್ತಿದೆ ಅನ್ಸತ್ತೆ ನಿಮಗೆ?" ಎಂದು ಕೇಳಿದಳು.

ಎಂಥ ಒಳ್ಳೆಯ ಪ್ರಶ್ನೆ! ಸಾಕ್ಷಿಗೆ ಫೀಲಿಂಗ್ ಇರುವುದಿಲ್ಲ ಎಂದು ಶುರುಮಾಡಿದೆ. ಸಾಕ್ಷಿ ನೋಡುತ್ತಾನೆ ಅಷ್ಟೆ, ನೋಯುವುದಿಲ್ಲ, ನೋಯುವುದು ದೇಹ ಮನಸ್ಸುಗಳು ಎಂದೆ. ತಟ್ಟೆಯಲ್ಲಿ ಸಾರಿನ ನೀರಿನಿಂದ ಮೂರು ಗೆರೆ ಎಳೆದು ತೋರಿಸಿದೆ. ಅವಳು ಗೆರೆಗಳನ್ನೇ ನೋಡುತ್ತಿದ್ದಳು. "ಅಚ್ಛಾ" ಎಂದಳು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಹೆಂಡತಿ ನನ್ನನ್ನು ನೋಡಿ, "ಅವಳೇನೋ ಕೇಳ್ತಿದ್ದಾಳೆ, ನೀವೇನೋ ಹೇಳ್ತಿದ್ದೀರಿ" ಎಂದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ಹಾಗೆಂದದ್ದು ನೆನಪಾದಾಗಲೂ ಕಿವಿ ಬಿಸಿಯಾಗುತ್ತದೆ.

ಸ್ವಲ್ಪ ದಿನಕ್ಕೆ ಇನ್ನೊಂದು ಹಾಡು ಕಳಿಸಿದಳು. ಕೆಟ್ಟು ನಿಂತ ಲಿಫ್ಟಿನ ಮೇಲಿನದು. ಎರಡು ಮಹಡಿಗಳ ನಡುವೆ ಒಬ್ಬ ಸಿಕ್ಕಿಕೊಂಡಿದ್ದಾನೆ. ಮೇಲೆ ಯಾರದೋ ಮನೆಯ ನಗು ಕೇಳುತ್ತದೆ, ಕೆಳಗೆ ಯಾರದೋ ಟಿವಿ. ಹೊರಗಿನಿಂದ ಯಾರಾದರೂ ಬಟನ್ ಒತ್ತಿ ಎಂದು ಅವನು ಬೇಡುತ್ತಾನೆ. ಈ ಸಲ ಅವಳು ಏನೂ ಬರೆದಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಲಿಫ್ಟು ಎಂದರೆ ಸಂಸಾರ, ಹೊರಗಿನಿಂದ ಬಟನ್ ಒತ್ತುವವನು ಗುರು ಎಂದು ಬರೆದು ಕಳಿಸಿದೆ. ಗುರು ಯಾರೆಂದು ಬರೆಯಲಿಲ್ಲ. ಆದರೆ ಮನಸ್ಸಿನಲ್ಲಿ ಯಾರಿದ್ದನೆಂದು ನಿಮಗೂ ಗೊತ್ತಾಗಿರಬೇಕು. ಮಗಳು ಶಿಷ್ಯೆಯಾದಳು ಎಂದು ಆಫೀಸಿನಲ್ಲಿ ಕೂಡ ಹೇಳಿಕೊಂಡು ತಿರುಗಿದೆ. ನನ್ನ ಆ ಮೆಸೇಜಿಗೂ ಮಗಳಿಂದ ಹೆಬ್ಬೆರಳೇ ಬಂದಿತ್ತು.

ಸಂಘದವರ ಕಿವಿಗೆ ಬಿದ್ದರೆ ಬಿಡುತ್ತಾರೆಯೇ? "ರಾಕ್ ಸಂಗೀತದಲ್ಲಿ ವೇದಾಂತ" ಎಂದು ಭಾಷಣ ಗೊತ್ತುಮಾಡಿದರು. ಭಾನುವಾರ ಬೆಳಿಗ್ಗೆ, ಗ್ರಾಂಟ್ ರೋಡಿನಲ್ಲಿ ಹೋಟೆಲೊಂದರ ಮೇಲಿನ ಸಭಾಂಗಣ. ಅಲ್ಲಿ ಭಾಷಣ ಕೆಳಗಿನ ಸಾಂಬಾರಿನ ಪರಿಮಳದ ಜೊತೆಗೇ ನಡೆಯಬೇಕು. ಒಗ್ಗರಣೆ ಬಿದ್ದ ಮೇಲೆ ಯಾವ ವಿದ್ವಾಂಸನೂ ಸಭೆಯನ್ನು ಹಿಡಿದಿಡಲಾರ. ಮಗಳನ್ನು ಬಾ ಎಂದು ಕರೆದೆ. ಬರುವುದಿಲ್ಲ ಎಂದಾಳು ಎಂದುಕೊಂಡಿದ್ದೆ. "ವಹಾ ಮೈಕ್ ಪೆ ಬೋಲನಾ ಪಡೇಗಾ ಕ್ಯಾ?" ಎಂದು ಕೇಳಿದಳು. ನೀನು ಮಾತಾಡುವುದೇನೂ ಬೇಡ, ಕೂತು ಕೇಳಿದರೆ ಸಾಕು ಎಂದೆ. ಅವಳು ಸ್ವಲ್ಪ ಯೋಚಿಸಿ ಬರುತ್ತೇನೆ ಎಂದಳು. ತಾಯಿಯನ್ನು ಬಿಟ್ಟು ಬರುವಂತಿಲ್ಲದ್ದರಿಂದ ಹೆಂಡತಿ ಮನೆಯಲ್ಲೇ ಉಳಿದಳು.

ಭಾಷಣ ಚೆನ್ನಾಗಿಯೇ ಆಯಿತು, ಹಾಳಾಗಲಿ. ಅಂದಿನ ಹಾಗೆ ನಾನು ಯಾವತ್ತೂ ಮಾತಾಡಿಲ್ಲ. ಫೋನಿನಿಂದ ಹಾಡು ಹಾಕಿ ಕೇಳಿಸಿದಾಗ ಮುಂದಿನ ಸಾಲಿನ ಹಿರಿಯರು ಕಿವಿಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು, ಅವರೇ ಕೊನೆಗೆ ತಲೆದೂಗಿದರು. ದಿನಾ ಲೋಕಲ್‌ನಲ್ಲಿ ನುಗ್ಗಿ ಓಡಾಡುವವರೇ ಎಲ್ಲರೂ. ನಾಲ್ಕನೇ ಸೀಟು ತುರೀಯವಾದಾಗ ಇಡೀ ಹಾಲ್ "ಆಹಾ" ಎಂದಿತು. ಹೋಟೆಲ್ ಮಾಲೀಕರೊಬ್ಬರು, "ನಾಳೆಯಿಂದ ಫೋರ್ತ್ ಸೀಟಿಗೆ ಬಂದವರಿಗೆ ಕೈ ಮುಗೀಬೇಕು" ಎಂದು ಕೂಗಿದರು. ಎಲ್ಲರೂ ನಕ್ಕರು. ಮಗಳು ಹಿಂದಿನ ಸಾಲಿನಲ್ಲಿ ಗೋಡೆ ಪಕ್ಕ ಕೂತಿದ್ದಳು.

ಕೊನೆಗೆ ಅಧ್ಯಕ್ಷರು ಎದ್ದರು. ನಮ್ಮ ಸಂಘಗಳಲ್ಲಿ ಒಂದು ಪದ್ಧತಿಯಿದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ನಾಲಗೆ ಹೊರಳುವುದಿಲ್ಲ. ಹಾಗಾಗಿ ಯಾವ ಹುಡುಗ ಹುಡುಗಿ ಮೈಕಿನ ಮುಂದೆ ಬಂದು ನಾಲ್ಕು ಮಾತು ಕನ್ನಡದಲ್ಲಿ ಹೇಳಿದರೂ ಜನ ಪ್ರತಿ ವಾಕ್ಯಕ್ಕೂ ಚಪ್ಪಾಳೆ ತಟ್ಟುತ್ತಾರೆ. ಏನು ಹೇಳಿದರು ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಹೇಳಿದರಲ್ಲ, ಅಷ್ಟು ಸಾಕು. ಪ್ರೀತಿಯಿಂದಲೇ ಮಾಡುವುದು. ನಾನೂ ಎಷ್ಟೋ ಮಕ್ಕಳಿಗೆ ಹಾಗೆ ಕೈ ಕೆಂಪಾಗುವಂತೆ ತಟ್ಟಿದ್ದೇನೆ. "ಹಾಡು ಕಳಿಸಿದ ಮಗಳೇ ಇಲ್ಲಿದ್ದಾಳಂತೆ. ಬಾ ಮಗಾ, ಎರಡು ಮಾತು, ಕನ್ನಡದಲ್ಲೇ" ಎಂದು ಅಧ್ಯಕ್ಷರು ಕರೆದರು. ಅವಳು ಒಂದೇ ಕರೆಗೆ ಎದ್ದು ಬಂದದ್ದು ನೋಡಿ ನನಗೆ ಆಶ್ಚರ್ಯವಾಯಿತು.

ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಮಸ್ಕಾರ. ನಂಗೆ ಕನ್ನಡ ಜಾಸ್ತಿ ಬರಲ್ಲ." ಚಪ್ಪಾಳೆ. "ಪಪ್ಪಾ ಹೇಳಿದ್ದು ಚೆನ್ನಾಗಿದೆ." ಇನ್ನೂ ದೊಡ್ಡ ಚಪ್ಪಾಳೆ. ಅದು ನಿಲ್ಲುವ ತನಕ ಕಾದಳು. "ಆದ್ರೆ ಆ ಹಾಡು ಅದಲ್ಲ. ಆ ಹಾಡು, ಜಾಗ ಇಲ್ಲ ಅಂತ. ನಂಗೂ ಜಾಗ ಇಲ್ಲ. ಮನೆಯಲ್ಲಿ ಇಲ್ಲ, ಕಾಲೇಜಲ್ಲೂ ಇಲ್ಲ. ಎಲ್ಲೂ ಇಲ್ಲ. ಅಷ್ಟೇ." ಒಂದೂ ಹಿಂದಿ ಮಾತು ಬೆರೆಸದೆ ಇಷ್ಟನ್ನು ಹೇಳಿ ಮುಗಿಸಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಹಿಳಾ ವಿಭಾಗದ ಒಬ್ಬರು ಶಿಳ್ಳೆಯನ್ನೂ ಹಾಕಿದರು.

ನಾನು ಏನು ಮಾಡಿದೆ ಎಂದು ಬರೆಯಲೇಬೇಕು. ಅವಳ ಕೈಯಿಂದ ಮೈಕು ತೆಗೆದುಕೊಂಡೆ. "ಕೇಳಿದಿರಲ್ಲ? ಎಲ್ಲೂ ಜಾಗ ಇಲ್ಲ! ಜಾಗ ಎಂಬುದೇ ಇಲ್ಲದ ಸ್ಥಿತಿ, ದೇಶಕಾಲಗಳಿಗೆ ಸಿಗದ ಸ್ಥಿತಿ, ಅದನ್ನೇ ಅಲ್ಲವೇ ನಾವು ತುರೀಯ ಎನ್ನುವುದು? ನನಗೆ ಒಂದು ಗಂಟೆ ಬೇಕಾದದ್ದನ್ನು ಮಗಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು" ಎಂದೆ. ಹಾಲ್ ಕಿತ್ತುಹೋಗುವ ಹಾಗೆ ಚಪ್ಪಾಳೆ. ಅಷ್ಟರಲ್ಲಿ ಕೆಳಗೆ ಒಗ್ಗರಣೆ ಬಿತ್ತು, ಸಭೆ ಮುಗಿಯಿತು.

ಇಡ್ಲಿ ತಿನ್ನುವಾಗ ಹೆಂಗಸರು ಅವಳ ಗಲ್ಲ ಹಿಂಡಿದರು. "ಎಷ್ಟು ಚಂದ ಕನ್ನಡ ಮಾತಾಡ್ತಿ ಮಗಾ, ನಮ್ಮವು ಬಾಯೇ ಬಿಡುದಿಲ್ಲ." ಅವಳು ನಗುತ್ತಲೇ ಇದ್ದಳು. ಇಡ್ಲಿ ಮುಟ್ಟಲಿಲ್ಲ. ನಾನು ಎರಡನೇ ಸಲ ಚಟ್ನಿ ಹಾಕಿಸಿಕೊಂಡೆ. ವಾಪಸು ಬರುವಾಗ ಅವಳು ಲೇಡೀಸ್ ಡಬ್ಬಾ ಹತ್ತಿದಳು, ನಾನು ಜನರಲ್. ಬೊರಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಾಗ ಅವಳ ಕಣ್ಣು ಕೆಂಪಗಿತ್ತು. ಕಸ ಬಿತ್ತಾ ಎಂದೆ. ಹಾಂ ಎಂದಳು.

ಮನೆಗೆ ಬಂದು ದಿವಾನದ ಮೇಲೆ ಒಂದು ನಿದ್ದೆ ತೆಗೆದೆ. ಎದ್ದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಫೋನಿನಲ್ಲಿ ಏನೋ ನೋಡುತ್ತಿದ್ದಳು. ಕಾರ್ಯಕಾರಿ ಸಮಿತಿಯ ಯಾರೋ ಮಗಳ ಮಾತನ್ನು ವಿಡಿಯೊ ಮಾಡಿ ಗ್ರೂಪಿಗೆ ಹಾಕಿದ್ದರು. "ತಂದೆಗೆ ತಕ್ಕ ಮಗಳು" ಎಂದು ತಲೆಬರಹ, ಕೆಳಗೆ ಹೂವುಗಳ ರಾಶಿ, ಕೈಜೋಡಿಸಿದ ಚಿತ್ರಗಳ ರಾಶಿ. ನೋಡಿದೆಯಾ, ಹೇಗೆ ಮಾತಾಡಿದಳು ಎಂದು ನಾನು ಬೀಗುತ್ತ ಹತ್ತಿರ ಹೋದೆ. ಹೆಂಡತಿ ತಲೆಯೆತ್ತದೆ ಕೇಳಿದಳು: "ಇವಳು ಅಳ್ತಿದ್ದಾಳಲ್ರೀ. ನಿಮಗೆ ಕಾಣಲಿಲ್ವಾ?"

ಅಳುವುದೇ? ಫೋನು ಕಸಿದುಕೊಂಡು ನೋಡಿದೆ. ಹೌದು. ಗಲ್ಲ ನಡುಗುತ್ತಿತ್ತು. "ಎಲ್ಲೂ ಇಲ್ಲ" ಎನ್ನುವಾಗ ಸ್ವರ ಒಡೆದು, ಅವಳು ಉಗುಳು ನುಂಗಿ, ಮತ್ತೆ ಅದೇ ಮಾತನ್ನು ಹಿಡಿದಿದ್ದಳು. ಅದು ಕನ್ನಡದ ತೊದಲು ಎಂದುಕೊಂಡು ಇಡೀ ಸಭೆ ಹುರಿದುಂಬಿಸುತ್ತಿತ್ತು. ಇನ್ನೊಮ್ಮೆ ಹಾಕಿದೆ. ಆಗ ನನ್ನನ್ನು ನೋಡಿಕೊಂಡೆ. ಅವಳಿಂದ ಒಂದು ಮಾರು ದೂರದಲ್ಲಿ ಕೈ ಕಟ್ಟಿ ನಿಂತಿದ್ದೇನೆ. ಮುಖದ ತುಂಬ ನಗು. ಅವಳು ಮಾತಾಡುವಷ್ಟೂ ಹೊತ್ತು ನಾನು ಸಭೆಯನ್ನು ನೋಡುತ್ತಿದ್ದೇನೆ, ಯಾರು ಯಾರು ತಲೆದೂಗುತ್ತಾರೆ ಎಂದು ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸುತ್ತಿದ್ದೇನೆ. ಒಂದು ಸಲವೂ ಅವಳ ಕಡೆ ತಿರುಗಿಲ್ಲ. ಅವಳು ಮಾತ್ರ ಕೊನೆಯ ಮಾತನ್ನು ಸಭೆಗೆ ಹೇಳಿರಲಿಲ್ಲ. ನನ್ನ ಕಡೆ ತಿರುಗಿ, ನನ್ನ ಕೆನ್ನೆಗೆ ಹೇಳಿದ್ದಳು. ನಾಚಿಕೆ ಎಂಬ ಶಬ್ದವನ್ನು ಅದುವರೆಗೆ ನಾನು ಸುಮ್ಮನೆ ಬಳಸುತ್ತಿದ್ದೆ. ಅಂದು ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಮುಂದೆ ಮುಖ ಎಲ್ಲಿಡಬೇಕೆಂದು ತಿಳಿಯದೆ ಆ ಫೋನನ್ನೇ ದಿಟ್ಟಿಸಿಕೊಂಡು ನಿಂತೆ.

"ಎಲ್ಲಿದ್ದಾಳೆ?" ಎಂದೆ. "ಹೊರಗೆ ಹೋದ್ಲು" ಎಂದಳು ಹೆಂಡತಿ. ಒಳಗಿನಿಂದ ತಾಯಿ ತುಳುವಿನಲ್ಲಿ "ದಾದ ಆಂಡ್?" ಎಂದು ಕೂಗಿದರು. ಏನಾಯಿತು ಎಂದು ಅವರು ಕೇಳುತ್ತಿದ್ದಂತೆಯೇ ಚಪ್ಪಲಿ ಮೆಟ್ಟಿ ಬಾಗಿಲು ದಾಟಿದೆ.

ಬಿಲ್ಡಿಂಗ್‌ನ ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗೆ ಅವಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ಕಣ್ಣೊರೆಸಿಕೊಂಡಳು. ಎರಡು ಮೆಟ್ಟಿಲು ಕೆಳಗೆ ಕೂತೆ. ಮೇಲಿನ ಮನೆಯವರು ತರಕಾರಿ ಚೀಲ ಹಿಡಿದು ಹತ್ತಿ ಬಂದರು, ನಾವಿಬ್ಬರೂ ಗೋಡೆಗೆ ಒತ್ತಿ ದಾರಿ ಬಿಟ್ಟೆವು. ಅವಳೇ ಶುರುಮಾಡಿದಳು.

"ಪಪ್ಪಾ, ನಾನು ಕಾಲೇಜಿಗೆ ಹೋಗ್ತಿಲ್ಲ. ದಿವಾಲಿ ಕೇ ಬಾದ್ ಸೇ."

ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಡುವವಳು! ಹಾಗಾದರೆ ಎಲ್ಲಿಗೆ ಹೋಗುತ್ತೀ ಎಂದೆ.

"ಟ್ರೇನಲ್ಲೇ ಇರ್ತೀನಿ. ಚರ್ಚ್‌ಗೇಟ್ ತನಕ ಹೋಗಿ ಅದೇ ಗಾಡಿಯಲ್ಲಿ ವಾಪಸ್. ಫಿರ್ ಸೇ ಜಾತೀ ಹೂಂ. ಕಾಲೇಜಲ್ಲಿ ನನ್ನ ಜೊತೆ ಯಾರೂ ಕೂತ್ಕೊಳಲ್ಲ. ಗ್ರೂಪ್‌ನಿಂದ ತೆಗೆದುಬಿಟ್ರು. ಕ್ಯೂಂ, ಪತಾ ನಹೀ. ನಾನು ಹೋಗಿ ಕೂತ್ರೆ ಎದ್ದು ಬೇರೆ ಬೆಂಚಿಗೆ ಹೋಗ್ತಾರೆ. ಮನೆಯಲ್ಲಿ ಅಳೋಕೆ ಎಲ್ಲಿ ಆಗತ್ತೆ? ಬಾತ್‌ರೂಮಲ್ಲಿ ಕೂತ್ರೆ ಅಜ್ಜಿಯ ಕೆಲಸಕ್ಕೆ ಅಮ್ಮಂಗೆ ಬೇಕಾಗತ್ತೆ. ದುಪೆಹರ್ ಕೋ ಲೇಡೀಸ್ ಡಬ್ಬಾ ಖಾಲಿ ಇರತ್ತೆ. ಅಲ್ಲಿ ಅತ್ರೆ ಯಾರೂ ಏನೂ ಕೇಳಲ್ಲ."

ಒಂದು ಮಧ್ಯಾಹ್ನ ಆಫೀಸಿನ ಕೆಲಸಕ್ಕೆಂದು ದಾದರಿಗೆ ಹೋದವನು ಇವಳನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನೋಡಿದ್ದು ಆಗ ನೆನಪಾಯಿತು. ಲೆಕ್ಚರ್ ಬೇಗ ಬಿಟ್ಟಿತು ಎಂದಿದ್ದಳು. ನಾನು ಪಕ್ಕದಲ್ಲಿ ಕೂತು ಚಿಮಣಿಯ ಹಾಡಿನ ಅರ್ಥ ಬಿಡಿಸಿ ಹೇಳಿ, ಗಾಡಿ ಬಂದ ಕೂಡಲೇ ಎದ್ದು ಹೋಗಿದ್ದೆ. ಡಬ್ಬಿ ಅವಳ ತೊಡೆಯ ಮೇಲೆ ಮುಚ್ಚಿದ ಹಾಗೇ ಇತ್ತು. ಊಟ ಮಾಡಿದೆಯಾ ಎಂದು ಕೂಡ ಕೇಳಿರಲಿಲ್ಲ.

ಈಗಲಾದರೂ ನಾನು ಸುಮ್ಮನಿರಬೇಕಿತ್ತು. ಅವಳ ತಲೆ ಮುಟ್ಟಬೇಕಿತ್ತು. ಆದರೆ ತಪ್ಪನ್ನು ಒಂದಿಷ್ಟಾದರೂ ಅವಳ ಕಡೆಗೆ ದೂಡುವ ಆಸೆ ಎಲ್ಲಿಂದಲೋ ಬಂತು. "ಅಲ್ಲ ಮಗಾ, ಇಷ್ಟು ತಿಂಗಳು! ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನನ್ನು ಸಮಾಧಾನ ಮಾಡುವವಳ ಹಾಗೆ, ಮೆಲ್ಲಗೆ ಹೇಳಿದಳು: "ಹೇಳ್ದೆ ಪಪ್ಪಾ. ಹಾಡು ಕಳಿಸ್ದೆ, ನಿಮಗೆ ಅರ್ಥ ಆಗ್ಲಿಲ್ಲ. ಹಿಂದಿಯಲ್ಲಿದೆಯಲ್ಲ, ಅದಕ್ಕೇ ಆಗ್ಲಿಲ್ಲ ಅನ್ಕೊಂಡೆ. ಅದಕ್ಕೇ ಅಜ್ಜಿ ಹತ್ರ ಕೇಳಿ ಕಲ್ತು, ಇವತ್ತು ಕನ್ನಡದಲ್ಲಿ ಹೇಳ್ದೆ."

ನನಗೆ ಹಿಂದಿ ಚೆನ್ನಾಗಿಯೇ ಬರುತ್ತದೆ.